ಹಲ್ಲುಜ್ಜುವ ಬ್ರಷ್ಷನ್ನು ಎಂದು ಬದಲಿಸಬೇಕು?

ಅಜ್ಜಂಪುರದ ಸುತ್ತಿನ ರೈತರಿಗೆ ಹಲ್ಲು ನೋಡುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಮೃತಮಹಲ್ ತಳಿಯ ಸೀಮೆ ಅದು. ಜಾತ್ರೆಯಲ್ಲಿ ಹೋರಿ ಕೊಳ್ಳುವಾಗ ನಾವು ಮೊದಲು ಅದರ ತುಟಿ ಎತ್ತಿ ನೋಡುತ್ತೇವೆ. ಇನ್ನೂ ಹಾಲುಹಲ್ಲೋ, ಎರಡು ಹಲ್ಲಾಗಿದೆಯೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ ಎಂದು ಕ್ಷಣದಲ್ಲಿ ಹೇಳುತ್ತೇವೆ. ಎರಡೂವರೆ ವರ್ಷದ ಸುಮಾರಿಗೆ ಎರಡು ಹಲ್ಲು ಬಿದ್ದು ಹೊಸದು ಬರುತ್ತದೆ, ಐದರ ಹೊತ್ತಿಗೆ ಎಂಟೂ ಬಂದು ಬಾಯಿಗೂಡುತ್ತದೆ. ಮಾರುವವನು ವಯಸ್ಸು ಎಷ್ಟೇ ಇಳಿಸಿ ಹೇಳಿದರೂ ಹಲ್ಲು ಸುಳ್ಳು ಹೇಳುವುದಿಲ್ಲ. ಇಷ್ಟು ಜಾಣರಾದ ನಾವು ಮನೆಗೆ ಬಂದು, ಬಚ್ಚಲಿನ ಗೂಡಿನಲ್ಲಿರುವ ನಮ್ಮದೇ ಬ್ರಷ್ಷನ್ನು ಒಂದು ದಿನವೂ ಬೆಳಕಿಗೆ ಹಿಡಿದು ನೋಡುವುದಿಲ್ಲ. ಕಳೆದ ವರ್ಷ ತಂದ ಬ್ರಷ್ಷು ಈ ವರ್ಷವೂ ನಡೆಯುತ್ತಿದೆ. ಹಿಡಿ ಗಟ್ಟಿಯಾಗಿದೆಯಲ್ಲ, ಇನ್ನೇನು ಎನ್ನುತ್ತೇವೆ.

ಆದರೆ ಹಲ್ಲುಜ್ಜುವುದು ಹಿಡಿಯಲ್ಲ, ಎಳೆಗಳ ತುದಿ. ಕುಡುಗೋಲಿನ ಹಿಡಿ ಗಟ್ಟಿಯಾಗಿದ್ದು ಬಾಯಿ ಮೊಂಡಾಗಿದ್ದರೆ ಯಾರಾದರೂ ಅದರಿಂದ ರಾಗಿ ಕೊಯ್ಯಲು ಹೋಗುತ್ತಾರೆಯೇ? ಕುಲುಮೆಗೆ ಒಯ್ದು ಹಣಿಸಿಕೊಂಡು ಬರುತ್ತಾರೆ. ಬ್ರಷ್ಷನ್ನು ಹಣಿಸಲು ಬರುವುದಿಲ್ಲ, ಬದಲಿಸಬೇಕು. ಯಾವಾಗ ಬದಲಿಸಬೇಕೆಂಬುದೇ ಈ ಪಾಠ.

ನಮ್ಮ ಹಿರಿಯರಿಗೆ ಈ ಪ್ರಶ್ನೆಯೇ ಇರಲಿಲ್ಲ. ಬೇವಿನ ಕಡ್ಡಿ, ಹೊಂಗೆ ಕಡ್ಡಿ, ಜಾಲಿ ಕಡ್ಡಿ, ಆಲದ ಬಿಳಲು, ಯಾವುದಾದರೂ ಒಂದನ್ನು ಹೊಲಕ್ಕೆ ಹೋಗುವ ದಾರಿಯಲ್ಲಿ ಮುರಿದು, ತುದಿಯನ್ನು ಜಗಿದು ಕುಚ್ಚು ಮಾಡಿ ಉಜ್ಜಿ, ಅಲ್ಲೇ ಎಸೆದು ಬಾಯಿ ಮುಕ್ಕಳಿಸುತ್ತಿದ್ದರು. ದಿನಕ್ಕೊಂದು ಹೊಸ ಕಡ್ಡಿ. ಹಳೆಯದಾಗಲು ಅದಕ್ಕೆ ಸಮಯವೇ ಇರಲಿಲ್ಲ. ಈಗಲೂ ಕಡ್ಡಿಯಲ್ಲೇ ಉಜ್ಜುವ ಹಿರಿಯರು ಮೂರೂ ತಾಲ್ಲೂಕುಗಳಲ್ಲಿ ಇದ್ದಾರೆ. ಸರಿಯಾಗಿ ಉಜ್ಜುವವರಾದರೆ ಅವರನ್ನು ಆ ರೂಢಿಯಿಂದ ಬಿಡಿಸಬೇಕಾದ ಕಾರಣವಿಲ್ಲ. ಕಡ್ಡಿಯ ಕೊರತೆ ಒಂದೇ: ಹಲ್ಲಿನ ಒಳಮೈಗೂ ಹಿಂದಿನ ದವಡೆ ಹಲ್ಲುಗಳಿಗೂ ಅದು ಸುಲಭವಾಗಿ ತಲುಪುವುದಿಲ್ಲ. ನಿನ್ನೆಯ ಕಡ್ಡಿಯನ್ನೇ ಇಂದು ಬಳಸುವವರು ಮಾತ್ರ ಜಗಿದ ತುದಿಯನ್ನು ಕತ್ತರಿಸಿ ಹೊಸ ತುದಿ ಮಾಡಿಕೊಳ್ಳಬೇಕು.

ಬ್ರಷ್ಷಿನ ಕಥೆ ಬೇರೆ. ಮೊದಲು ಅದರ ಕುಚ್ಚನ್ನು ಹಂದಿಯ ಕೂದಲಿನಿಂದ ಮಾಡುತ್ತಿದ್ದರು. 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆಯ ಬ್ರಷ್ಷು ಮಾರಾಟಕ್ಕೆ ಬಂದಿತು. ಅಲ್ಲಿಂದ ಮುಂದೆ ಲೋಕದೆಲ್ಲೆಡೆ ನೈಲಾನೇ ನಡೆಯಿತು. ನೈಲಾನ್ ಕೊಳೆಯುವುದಿಲ್ಲ, ಬೇಗ ಒಣಗುತ್ತದೆ, ಅಗ್ಗ. ಈ ಒಳ್ಳೆಯ ಗುಣವೇ ನಮ್ಮನ್ನು ಮೋಸಗೊಳಿಸಿತು. ಕಣ್ಣಿಗೆ ಕೊಳೆತಂತೆ ಕಾಣದಿದ್ದುದರಿಂದ ಅದು ಕೆಟ್ಟಿಲ್ಲವೆಂದು ತಿಳಿದೆವು.

ಹೊಸ ಬ್ರಷ್ಷಿನ ಪ್ರತಿಯೊಂದು ಎಳೆಯೂ ದಾರಕ್ಕಿಂತ ಸಣ್ಣದು. ಒಳ್ಳೆಯ ಬ್ರಷ್ಷಿನಲ್ಲಿ ಅದರ ತುದಿಯನ್ನು ಉರುಟಾಗಿ ನಯಮಾಡಿರುತ್ತಾರೆ. ಎಳೆಗಳು ನೆಟ್ಟಗೆ ನಿಂತಿರುವವರೆಗೆ ತುದಿ ಹಲ್ಲಿನ ಸಂದಿಗೂ, ಹಲ್ಲು ಮತ್ತು ವಸಡು ಕೂಡುವ ಗೆರೆಗೂ ಹೋಗುತ್ತದೆ. ಕೊಳೆ ಕೂರುವುದು ಅಲ್ಲಿಯೇ. ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ನೂರಾರು ಬಾರಿ ಬಾಗಿ ಎದ್ದು, ನೀರು ಕುಡಿದು ಮೆತ್ತಗಾಗಿ, ಕಡೆಗೆ ಎಳೆ ಬಾಗಿದ ಹಾಗೆಯೇ ಉಳಿದುಬಿಡುತ್ತದೆ. ಕುಚ್ಚು ಕೆದರುತ್ತದೆ. ಕೆದರಿದ ಬ್ರಷ್ಷಿನಲ್ಲಿ ಎಳೆಯ ತುದಿ ಹಲ್ಲನ್ನು ಮುಟ್ಟುವುದಿಲ್ಲ, ಎಳೆಯ ಮಗ್ಗುಲು ಮಾತ್ರ ಸವರಿಕೊಂಡು ಹೋಗುತ್ತದೆ. ನೊರೆ ಬರುತ್ತದೆ, ಬಾಯಿ ತಣ್ಣಗಾಗುತ್ತದೆ, ಉಜ್ಜಿದೆವೆಂಬ ತೃಪ್ತಿಯೂ ಬರುತ್ತದೆ. ವಸಡಿನ ಗೆರೆಯ ಕೊಳೆ ಇದ್ದಲ್ಲೇ ಇರುತ್ತದೆ.

ಆ ಕೊಳೆ ಬರೀ ಅನ್ನದ ಅಗುಳಲ್ಲ. ಸೂಕ್ಷ್ಮಜೀವಿಗಳು ಒತ್ತಾಗಿ ಬೆಳೆದ ಅಂಟು ಪದರ ಅದು. ಉಜ್ಜಿ ತೆಗೆದರೆ ಒಂದು ದಿನದಲ್ಲಿ ಮತ್ತೆ ಕಟ್ಟುತ್ತದೆ. ತೆಗೆಯದೆ ಬಿಟ್ಟರೆ ಕೆಲವು ದಿನಗಳಲ್ಲಿ ಗಟ್ಟಿಯಾಗತೊಡಗಿ, ನೀರು ಕಾಯಿಸುವ ಹಂಡೆಯೊಳಗಿನ ಸುಣ್ಣದ ಹೆಕ್ಕಳೆಯಂತೆ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಯಾವ ಬ್ರಷ್ಷಿಗೂ ಅದು ಬಗ್ಗುವುದಿಲ್ಲ, ದಂತವೈದ್ಯರೇ ಕೆರೆದು ತೆಗೆಯಬೇಕು. ಹಾಗೆಯೇ ಬಿಟ್ಟರೆ ವಸಡು ಊದಿ, ರಕ್ತ ಬಂದು, ಕ್ರಮೇಣ ಹಲ್ಲನ್ನು ಹಿಡಿದ ಮೂಳೆಯೇ ಕರಗುತ್ತದೆ. ಐವತ್ತಕ್ಕೇ ಹಲ್ಲು ಅಲ್ಲಾಡಿ ಬೀಳುವುದನ್ನು ವಯಸ್ಸಿನ ಧರ್ಮವೆಂದು ನಾವು ತಿಳಿದಿದ್ದೇವೆ. ಅದು ಬಹುಮಟ್ಟಿಗೆ ವಸಡಿನ ರೋಗ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಹೆಚ್ಚು ಕಾಡುತ್ತದೆ. ವಸಡು ಕೆಟ್ಟರೆ ಸಕ್ಕರೆಯನ್ನು ಹತೋಟಿಯಲ್ಲಿಡುವುದೂ ಕಷ್ಟವಾಗುತ್ತದೆ.

ಈಗ ಬ್ರಷ್ಷನ್ನು ಪರೀಕ್ಷಿಸುವ ಕ್ರಮ. ಒಣಗಿದ ಬ್ರಷ್ಷನ್ನು ಬೆನ್ನು ನಿಮ್ಮ ಕಡೆಗೆ, ಕುಚ್ಚು ಆಚೆಗೆ ಬರುವಂತೆ ಹಿಡಿಯಿರಿ. ಹೊಸ ಬ್ರಷ್ಷಾದರೆ ತಲೆಯ ಅಂಚಿನ ಆಚೆ ಎಳೆಗಳು ಕಾಣುವುದಿಲ್ಲ. ಅಂಚನ್ನು ದಾಟಿ ಎರಡೂ ಪಕ್ಕಕ್ಕೆ ಎಳೆಗಳು ಹುಲ್ಲಿನ ಮೆದೆಯಂತೆ ಹೊರಚಾಚಿ ಕಂಡರೆ ಆ ಬ್ರಷ್ಷಿನ ಕೆಲಸ ಮುಗಿಯಿತು. ಇನ್ನೊಂದು ಗುರುತು: ಬೆರಳಿನಿಂದ ಕುಚ್ಚನ್ನು ಬಾಗಿಸಿ ಬಿಡಿ. ತಟ್ಟನೆ ನೆಟ್ಟಗೆ ನಿಲ್ಲದೆ ಬಾಗಿಯೇ ಉಳಿದರೆ ಅದೂ ಮುಗಿದಂತೆಯೇ. ಎಳೆಗಳು ಉದುರುತ್ತಿದ್ದರೆ, ಕುಚ್ಚಿನ ಬುಡದಲ್ಲಿ ಕಪ್ಪಗೆ ಕಟ್ಟಿ ತೊಳೆದರೂ ಹೋಗದಿದ್ದರೆ, ಮತ್ತೆ ಯೋಚಿಸಬೇಕಾದ್ದೇ ಇಲ್ಲ. ಕೆಲವು ಬ್ರಷ್ಷುಗಳಲ್ಲಿ ನಡುವಿನ ನೀಲಿ ಎಳೆಗಳ ಬಣ್ಣ ಬಳಸಿದಂತೆ ಮಾಸುವ ಹಾಗೆ ಮಾಡಿರುತ್ತಾರೆ. ಬಣ್ಣ ಅರ್ಧ ಮಾಸಿದಾಗ ಬದಲಿಸಿರೆಂಬುದು ಅದರ ಸೂಚನೆ. ಆದರೂ ಬಣ್ಣಕ್ಕಿಂತ ಕೆದರಿದ್ದನ್ನೇ ನಂಬುವುದು ಲೇಸು.

ಎಷ್ಟು ದಿನಕ್ಕೆ ಎಂದು ಕೇಳುವವರಿಗೆ, 3ರಿಂದ 4 ತಿಂಗಳು ಎಂಬುದು ಅಮೆರಿಕದ ದಂತವೈದ್ಯರ ಸಂಘದ ಸಲಹೆ. ನಮ್ಮ ವೈದ್ಯರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಇದು ಕಡೆಯ ಗಡುವು. ಅದಕ್ಕೆ ಮೊದಲೇ ಕೆದರಿದರೆ ಮೊದಲೇ ಬದಲಿಸಬೇಕು. ತಾರೀಖು ನೆನಪಿಡುವುದು ಯಾರಿಗೂ ಆಗುವುದಿಲ್ಲ. ಹಬ್ಬ ಯಾರಿಗೂ ಮರೆಯುವುದಿಲ್ಲ. ಸಂಕ್ರಾಂತಿಗೆ ಒಂದು, ಯುಗಾದಿಗೆ ಒಂದು, ನಾಗರಪಂಚಮಿಗೆ ಒಂದು, ದೀಪಾವಳಿಗೆ ಒಂದು ಎಂದು ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ. ಯುಗಾದಿಗೂ ಪಂಚಮಿಗೂ ನಡುವೆ ಅಧಿಕ ಮಾಸ ಬಿದ್ದ ವರ್ಷ ಆ ಅಂತರ 5 ತಿಂಗಳಾಗಿಬಿಡುತ್ತದೆ. ಆ ವರ್ಷ ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆಯುವ ದಿನವೇ ಮನೆಯವರ ಬ್ರಷ್ಷುಗಳನ್ನೂ ಒಮ್ಮೆ ನೋಡಿಬಿಡಿ. ಹಬ್ಬದ ಲೆಕ್ಕ ಬೇಡವೆನ್ನುವವರು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಖನ್ನು ಹಿಡಿಯಬಹುದು. ತಂದ ದಿನವೇ ಹಿಡಿಯ ಮೇಲೆ ಮೊಳೆಯಿಂದ ತಿಂಗಳನ್ನು ಗೀಚಿಟ್ಟರೆ ವಾದಕ್ಕೆ ಎಡೆಯಿರುವುದಿಲ್ಲ.

ಖರ್ಚಿನ ಮಾತು ಬರುತ್ತದೆ. ಐದು ಜನರ ಮನೆಗೆ ವರ್ಷಕ್ಕೆ ಇಪ್ಪತ್ತು ಬ್ರಷ್ಷು. ಒಂದಕ್ಕೆ 20 ರೂಪಾಯಿಯಂತೆ ಹಿಡಿದರೆ 400 ರೂಪಾಯಿ. ಒಂದು ಹುಳುಕು ಹಲ್ಲಿನ ಬೇರಿಗೆ ಚಿಕಿತ್ಸೆ ಮಾಡಿಸಿ ಟೋಪಿ ಹಾಕಿಸಿದವರನ್ನು ಕೇಳಿ ನೋಡಿ, ಎಷ್ಟಾಯಿತೆಂದು ಅವರೇ ಹೇಳುತ್ತಾರೆ.

ಹೊಸ ಬ್ರಷ್ಷು ಒಂದು ತಿಂಗಳಿಗೇ ಕೆದರಿತೆಂದು ಅಂಗಡಿಯವನನ್ನು ಬೈಯುವವರುಂಟು. ನಾನೂ ಬೈದವನೇ. ಹೆಚ್ಚು ಕಾಲ ಬರಲೆಂದು ಹಾರ್ಡ್ ಬ್ರಷ್ಷನ್ನೇ ಹುಡುಕಿ ತಂದು, ಬೆಳಗಾದರೆ ಪಾತ್ರೆಯ ಮಸಿ ತಿಕ್ಕುವಂತೆ ಅಡ್ಡಡ್ಡಲಾಗಿ ತಿಕ್ಕುತ್ತಿದ್ದೆ. ಕೆಲವು ವರ್ಷ ಕಳೆದ ಮೇಲೆ ತಣ್ಣೀರು ಬಾಯಿಗೆ ಹಾಕಿದರೆ ಜುಮ್ ಎನ್ನತೊಡಗಿತು. ತೋರಿಸಿದಾಗ ವೈದ್ಯರು ಕನ್ನಡಿ ಕೊಟ್ಟು, ವಸಡಿನ ಹತ್ತಿರ ಹಲ್ಲುಗಳ ಬುಡದಲ್ಲಿ ಕೊಡಲಿ ಕಚ್ಚು ಹಾಕಿದಂತೆ ಸವೆದಿರುವುದನ್ನು ತೋರಿಸಿದರು. ಕೆದರಿದ್ದಕ್ಕೆ ಕಾರಣ ಬ್ರಷ್ಷಲ್ಲ, ಕೈ. ಬ್ರಷ್ಷು ಬೇಗ ಕೆದರುವುದು ನೀವು ಮಿತಿಮೀರಿ ಒತ್ತುತ್ತಿದ್ದೀರೆಂಬುದಕ್ಕೆ ಸಾಕ್ಷಿ. ಅಂಥವರು ಸಾಫ್ಟ್ ಎಂದು ಬರೆದ ಮೆತ್ತನೆಯ ಬ್ರಷ್ಷನ್ನೇ ಕೇಳಿ ತರಬೇಕು. ಕುಡುಗೋಲು ಹಿಡಿದಂತೆ ಮುಷ್ಟಿಯಲ್ಲಿ ಹಿಡಿಯದೆ, ಪೆನ್ನು ಹಿಡಿದಂತೆ ಬೆರಳುಗಳಲ್ಲಿ ಹಿಡಿದರೆ ಒತ್ತಡ ತಾನಾಗಿ ಇಳಿಯುತ್ತದೆ. ಬ್ರಷ್ಷನ್ನು ವಸಡಿನ ಕಡೆಗೆ ಸ್ವಲ್ಪ ಓರೆಮಾಡಿ, ಸಣ್ಣ ಸಣ್ಣ ಸುತ್ತುಗಳಲ್ಲಿ, ಹೊರಮೈ, ಒಳಮೈ, ಜಗಿಯುವ ಮೈ ಮೂರನ್ನೂ 2 ನಿಮಿಷ ಉಜ್ಜಬೇಕು. ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮೊದಲು ಒಂದು ಸಲ. ರಾತ್ರಿಯದನ್ನು ಬಿಡುವವರೇ ನಮ್ಮಲ್ಲಿ ಹೆಚ್ಚು. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಲ್ಲು ಹುಳುಕಾಗಲು ಅದೇ ಒಳ್ಳೆಯ ಹೊತ್ತು.

ಕಡೂರಿನ ಬಯಲಿನ ಕಡೆಯವರಿಗೆ ಇಲ್ಲಿ ಒಂದು ವಿಶೇಷ ಮಾತು ಹೇಳಬೇಕು. ಕಡೂರು, ತರೀಕೆರೆ ಭಾಗದ ಕೆಲವು ಊರುಗಳಲ್ಲಿ ಆಳದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಎಂಬ ಲವಣದ ಅಂಶ ಮಿತಿಗಿಂತ ಹೆಚ್ಚಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಎಂದು ಇಟ್ಟಿದ್ದಾರೆ. ಬೇರೆ ನೀರು ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದಿದೆ. ಇದಕ್ಕೆ ಮೀರಿದ ನೀರನ್ನು ಎಳೆಯ ಮಕ್ಕಳು ಕುಡಿಯುತ್ತ ಬಂದರೆ, ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲಿನ ಮೇಲ್ಪದರವೇ ಕೆಟ್ಟು, ಹಲ್ಲು ಮೂಡುವಾಗಲೇ ಸುಣ್ಣದ ಬಿಳಿ ಗೆರೆ ಇಲ್ಲವೆ ಕಂದು ಪಟ್ಟೆಗಳೊಂದಿಗೆ ಮೂಡುತ್ತದೆ. ಸುಮಾರು ಎಂಟು ವರ್ಷದ ಒಳಗಿನ ಮಕ್ಕಳಿಗೇ ಈ ಅಪಾಯ. ಈ ಕಲೆ ಹೊರಗಿನಿಂದ ಹತ್ತಿದ ಕೊಳೆಯಲ್ಲ, ಹಲ್ಲಿನೊಳಗೇ ಇರುವುದು. ಬ್ರಷ್ಷಿನಿಂದ ಅದು ಹೋಗುವುದಿಲ್ಲ.

ಆದರೆ ಹುಡುಗಿಗೆ ಗಂಡು ನೋಡಲು ಬರುವ ಕಾಲ ಬಂದಾಗ, ಹುಡುಗ ಕಾಲೇಜಿಗೆ ಹೋಗಿ ಗೆಳೆಯರ ನಡುವೆ ನಗಲು ನಾಚುವಾಗ, ಏನು ಮಾಡುತ್ತಾರೆಂಬುದು ನಿಮಗೆ ಗೊತ್ತಿದೆ. ಗಟ್ಟಿ ಬ್ರಷ್ಷು ತಂದು, ಇಟ್ಟಿಗೆ ಪುಡಿಯೋ ಇದ್ದಲ ಪುಡಿಯೋ ಬೂದಿಯೋ ಹಾಕಿ, ದಿನಕ್ಕೆ ಮೂರು ಸಲ ಉಜ್ಜುತ್ತಾರೆ. ವಾರಕ್ಕೆ ಬ್ರಷ್ಷು ಕೆದರುತ್ತದೆ, ವರ್ಷಕ್ಕೆ ಹಲ್ಲು ಸವೆಯುತ್ತದೆ, ಕಲೆ ಇದ್ದ ಹಾಗೆಯೇ ಇರುತ್ತದೆ. ಆ ಮಕ್ಕಳನ್ನು ಸರಿಯಾಗಿ ಉಜ್ಜುವುದಿಲ್ಲವೆಂದು ಗದರುವುದು ಅನ್ಯಾಯ. ತಪ್ಪು ಅವರದಲ್ಲ, ನೀರಿನದು. ಕಲೆಯನ್ನು ಮರೆಮಾಡುವ ಉಪಾಯಗಳು ದಂತವೈದ್ಯರಲ್ಲಿ ಇವೆ, ಅವರನ್ನು ಕಾಣಬೇಕು. ಮನೆಯಲ್ಲಿ ಇನ್ನೂ ಸಣ್ಣ ಮಕ್ಕಳಿದ್ದರೆ ನೀರನ್ನು ಪರೀಕ್ಷಿಸುವುದು ಅದಕ್ಕಿಂತ ಮುಖ್ಯ. ಜಲಜೀವನ ಮಿಷನ್ ಯೋಜನೆಯಲ್ಲಿ ಗ್ರಾಮಗಳಿಗೆ ನೀರು ಪರೀಕ್ಷೆಯ ಕಿಟ್ಟುಗಳನ್ನು ಕೊಟ್ಟು, ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟಿದ್ದಾರೆ, ಪಂಚಾಯತಿಯಲ್ಲಿ ಕೇಳಿ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಹೆಚ್ಚುತ್ತದೆ. ಮಳೆನೀರು, ಇಲ್ಲವೆ ಶುದ್ಧೀಕರಣ ಘಟಕದ ನೀರನ್ನು ಕುಡಿಯಲೂ ಅಡಿಗೆಗೂ ಬಳಸುವುದೇ ದಾರಿ. ಅಂಥ ಊರುಗಳಲ್ಲಿ ಮಕ್ಕಳು ಪೇಸ್ಟನ್ನು ನುಂಗದೆ ಉಗುಳುವಂತೆ ಹತ್ತಿರ ನಿಂತು ನೋಡಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆಮೇಲೆ ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ಜಾಹೀರಾತಿನ ಚಿತ್ರದಲ್ಲಿ ಬ್ರಷ್ಷಿನ ಉದ್ದಕ್ಕೂ ಹಾವಿನಂತೆ ಹಾಕಿರುವುದು ಪೇಸ್ಟು ಬೇಗ ಮುಗಿಯಲೆಂದು.

ತರೀಕೆರೆಯ ತೋಟದ ಕಡೆಗೆ ಬಂದರೆ ಇನ್ನೊಂದು ಬಣ್ಣದ ಕಥೆ. ಎಲೆಯಡಕೆ ಹಾಕುವವರ ಬ್ರಷ್ಷು ಒಂದು ವಾರದಲ್ಲಿ ಕೆಂಪಾಗುತ್ತದೆ. ಕೆಂಪಾದ ಮಾತ್ರಕ್ಕೆ ಬ್ರಷ್ಷು ಕೆಟ್ಟಿತೆಂದಲ್ಲ, ಎಳೆ ನೆಟ್ಟಗಿದ್ದರೆ ಇನ್ನೂ ನಡೆಯುತ್ತದೆ. ಕೆಟ್ಟಿರುವುದು ಬೇರೆ ಏನಾದರೂ ಇರಬಹುದು. ಅಡಕೆ ಬೆಳೆದು ಬದುಕುವ ಸೀಮೆಯಲ್ಲಿ ಈ ಮಾತು ಕಹಿಯಾದರೂ ಹೇಳದೆ ಇರಲಾಗದು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರಿಸದ ಬರೀ ಅಡಕೆಯನ್ನು ಜಗಿಯುವುದೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವುದೆಂದು ಹೇಳಿದೆ. ಕಡ್ಡಿಪುಡಿ, ಹೊಗೆಸೊಪ್ಪು ಸೇರಿದರೆ ಕೇಳಬೇಕಾದ್ದೇ ಇಲ್ಲ. ಹಲ್ಲುನೋವಿಗೆ ನಶ್ಯ ಒತ್ತುವ, ನಶ್ಯದಿಂದಲೇ ಹಲ್ಲುಜ್ಜುವ ರೂಢಿಯೂ ಕೂಡದು. ಹಲ್ಲಿನ ಪೇಸ್ಟು ಪುಡಿಗಳಲ್ಲಿ ತಂಬಾಕು ಸೇರಿಸುವುದನ್ನು ನಮ್ಮ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಉಜ್ಜುವಾಗ ಕೆನ್ನೆಯ ಒಳಗೆ, ನಾಲಗೆಯ ಪಕ್ಕದಲ್ಲಿ ಬಿಳಿ ಇಲ್ಲವೆ ಕೆಂಪು ಮಚ್ಚೆಯೋ ಹುಣ್ಣೋ ಕಂಡು, 2 ವಾರವಾದರೂ ಮಾಯದಿದ್ದರೆ, ಬಾಯಿ ಅಗಲ ತೆರೆಯಲು ಬಿಗಿಯಾದರೆ, ಕೊಯ್ಲು ಮುಗಿಯಲೆಂದು ಕಾಯದೆ ವೈದ್ಯರಿಗೆ ತೋರಿಸಬೇಕು.

ಉಜ್ಜುವಾಗ ರಕ್ತ ಬಂದರೆ ಬಹಳ ಮಂದಿ ಆ ಜಾಗವನ್ನೇ ಬಿಟ್ಟು ಉಜ್ಜುತ್ತಾರೆ. ಇದು ತಿರುವುಮುರುವು. ರಕ್ತ ಬರುವ ಜಾಗದಲ್ಲೇ ಕೊಳೆ ಕೂತಿರುವುದು. ಹಳೆಯ ಬ್ರಷ್ಷನ್ನು ಎಸೆದು, ಮೆತ್ತನೆಯ ಹೊಸ ಬ್ರಷ್ಷಿನಿಂದ ಅಲ್ಲಿಯೇ ಮೃದುವಾಗಿ ಉಜ್ಜುತ್ತ ಬಂದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಆಗದಿದ್ದರೆ ದಂತವೈದ್ಯರ ಬಳಿಗೆ ಹೋಗಬೇಕು.

ಬ್ರಷ್ಷನ್ನು ಇಡುವ ಜಾಗವೂ ಅದರ ಆಯುಸ್ಸಿಗೆ ಸಂಬಂಧಿಸಿದ್ದೇ. ಹೆಂಚಿನ ಸಂದಿ, ಸೂರಿನ ಗಳು, ಬಚ್ಚಲಿನ ಸೋಪಿನ ತಟ್ಟೆ, ಇವೇ ನಮ್ಮ ರೂಢಿಯ ಜಾಗಗಳು. ಅಲ್ಲಿ ರಾತ್ರಿ ಜಿರಳೆ, ಹಲ್ಲಿಗಳ ಓಡಾಟವಿರುತ್ತದೆ. ಉಜ್ಜಿದ ಮೇಲೆ ಹರಿಯುವ ನೀರಿನಲ್ಲಿ ತೊಳೆದು, ಕೊಡವಿ, ಒಂದು ಲೋಟದಲ್ಲಿ ಕುಚ್ಚು ಮೇಲಾಗಿ ನೆಟ್ಟಗೆ ನಿಲ್ಲಿಸಿ, ಗಾಳಿಯಾಡುವ ಕಡೆ ಎತ್ತರದಲ್ಲಿ ಇಡಬೇಕು. ಒಬ್ಬರ ಕುಚ್ಚು ಇನ್ನೊಬ್ಬರದಕ್ಕೆ ತಾಗದಿರಲಿ. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಬ್ರಷ್ಷನ್ನು ಮುಚ್ಚಿಟ್ಟರೆ ಶುಚಿಯಾಗುವುದಿಲ್ಲ, ಒಣಗದೆ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ಕುದಿಯುವ ನೀರಿನಲ್ಲಿ ಅದ್ದುವುದೂ ಬೇಡ, ಎಳೆಗಳ ಆಕಾರ ಕೆಡುತ್ತದೆ. ನೆಗಡಿ ಜ್ವರ ಬಂದುಹೋದಾಗಲೆಲ್ಲ ಹೊಸ ಬ್ರಷ್ಷೇ ಬೇಕೆಂಬ ನಿಯಮವಿಲ್ಲ, ಚೆನ್ನಾಗಿ ತೊಳೆದು ಒಣಗಿಸಿದರೆ ಸಾಕು.

ಆದರೆ ಒಬ್ಬರ ಬ್ರಷ್ಷನ್ನು ಇನ್ನೊಬ್ಬರು ಬಳಸಿದರೆ ಅದೇ ದಿನ ಎಸೆಯಬೇಕು, ಎಳೆ ಎಷ್ಟೇ ಹೊಸದಾಗಿರಲಿ. ಗಂಡಹೆಂಡಿರಾದರೂ ಅಷ್ಟೇ, ಅಣ್ಣತಮ್ಮಂದಿರಾದರೂ ಅಷ್ಟೇ. ವಸಡಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಬಂದರೂ ಪಿತ್ತಜನಕಾಂಗಕ್ಕೆ ತಗಲುವ ಹೆಪಟೈಟಿಸ್ ಬಿ ಎಂಬ ರೋಗ ಅದರ ಮೂಲಕ ದಾಟಬಲ್ಲದು. ಮದುವೆ ಮನೆಯಲ್ಲಿ, ಜಾತ್ರೆಗೆ ಬಂದ ನೆಂಟರ ಗಲಾಟೆಯಲ್ಲಿ ಬ್ರಷ್ಷು ಅದಲುಬದಲಾಗುವುದು ಹೆಚ್ಚು. ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿಟ್ಟರೆ ಓದು ಬಾರದ ಅಜ್ಜಿಗೂ ತಿಳಿಯುತ್ತದೆ. ಮಕ್ಕಳು ಬ್ರಷ್ಷನ್ನು ಕಬ್ಬಿನಂತೆ ಜಗಿಯುವುದರಿಂದ ಅವರದು ಬೇಗ ಹಾಳಾಗುತ್ತದೆ. ಅವರ ಬ್ರಷ್ಷನ್ನು ತಿಂಗಳಿಗೊಮ್ಮೆ ನೋಡಿ. ಅಪ್ಪನ ಹಳೆಯ ಬ್ರಷ್ಷನ್ನು ಮಗುವಿಗೆ ಕೊಡುವುದು ಸರ್ವಥಾ ಕೂಡದು. ಮಗುವಿನ ಬಾಯಿಗೆ ಸಣ್ಣ ತಲೆಯ ಬ್ರಷ್ಷೇ ಬೇಕು. ಏಳೆಂಟು ವರ್ಷದವರೆಗೆ ಉಜ್ಜಿಸುವ ಹೊಣೆ ದೊಡ್ಡವರದು.

ಇನ್ನು ಹಳೆಯ ಬ್ರಷ್ಷು. ರೈತನ ಮನೆಯಲ್ಲಿ ಅದಕ್ಕೆ ಕೆಲಸವಿಲ್ಲವೆನ್ನಲಾಗದು. ಹನಿ ನೀರಾವರಿಯ ಫಿಲ್ಟರಿನ ಬಿಲ್ಲೆಗಳ ಸಂದಿಯ ಪಾಚಿ ತೆಗೆಯಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಬೈಕಿನ ಸರಪಳಿಗೆ, ಹಾಲು ಕರೆಯುವ ಯಂತ್ರದ ಹೊರಮೈ ತೊಳೆಯಲು, ಔಷಧಿ ಸಿಂಪಡಿಸುವ ಪಂಪಿನ ಮೂತಿ ಬಿಡಿಸಲು ಬರುತ್ತದೆ. ಈ ಕಡೆಯದರಲ್ಲಿ ಮಾತ್ರ ಎಚ್ಚರ ಬೇಕು. ಕೀಟನಾಶಕದ ಪಂಪಿಗೆ ತಾಗಿದ ಬ್ರಷ್ಷು ಮತ್ತೆ ಬಚ್ಚಲಿನ ಗೂಡಿಗೆ ಬಂದರೆ, ಮಗುವೋ ಮುದುಕರೋ ನಸುಕಿನ ಕತ್ತಲಲ್ಲಿ ಅದನ್ನೇ ಬಾಯಿಗೆ ಹಾಕಿಕೊಂಡಾರು. ಆದ್ದರಿಂದ ಬ್ರಷ್ಷನ್ನು ಬಾಯಿಯ ಕೆಲಸದಿಂದ ತೆಗೆದ ಕ್ಷಣವೇ ಅದರ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿ. ಮೋಟು ಹಿಡಿಯ ಬ್ರಷ್ಷನ್ನು ಯಾರೂ ತಪ್ಪಿ ಬಾಯಿಗೆ ಇಡುವುದಿಲ್ಲ. ಪಂಪಿನ ಮೂತಿಗೆ ಬಳಸುವುದನ್ನು ಪಂಪಿಗೇ ತಂತಿಯಿಂದ ಕಟ್ಟಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಯಾವ ಕೆಲಸಕ್ಕೂ ಬಾರದ್ದನ್ನು ತಿಪ್ಪೆಗೆ ಎಸೆಯಬೇಡಿ. ಬೇವಿನ ಕಡ್ಡಿ ತಿಪ್ಪೆಯಲ್ಲಿ ಗೊಬ್ಬರವಾಗುತ್ತಿತ್ತು; ಇದು ಆಗುವುದಿಲ್ಲ, ಗೊಬ್ಬರದ ಗಾಡಿಯಲ್ಲಿ ಹೊಲ ಸೇರಿ ಮರುವರ್ಷ ಕುಂಟೆಗೆ ಸಿಕ್ಕಿ ಮೇಲೆ ಬರುತ್ತದೆ. ಒಲೆಗೂ ಹಾಕಬೇಡಿ, ಆ ಹೊಗೆ ಅಡಿಗೆ ಮಾಡುವವರ ಎದೆಗೆ ಹೋಗುತ್ತದೆ. ಪಂಚಾಯತಿಯ ಕಸದ ಗಾಡಿ ಬಂದಾಗ ಒಣ ಕಸದೊಂದಿಗೆ ಕೊಟ್ಟುಬಿಡಿ.